ಪರದೆ, ಬಾಯಿ, ಕಾಗದ: ಕಚೇರಿ ಸ್ಲೈಡಿನ ಚರಿತ್ರೆ ಮತ್ತು ಗಡಿನಾಡಿನ ಕೇಳುಗ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದೆ.)

ಗಡಿನಾಡಿನ ಕನ್ನಡ ಅಂದಕೂಡಲೇ ನಾವು ಶಾಸನ, ಶಾಲೆ, ಜನಗಣತಿ, ಆಯೋಗದ ವರದಿ ಇಂಥವನ್ನು ಹಿಡಿದು ಮಾತಾಡ್ತೇವೆ. ಅದು ಆಗಲೇಬೇಕಾದ ಕೆಲಸ. ನಾನು ಇವತ್ತು ಎತ್ತಿಕೊಂಡದ್ದು ಮಾತ್ರ ತುಂಬ ಸಣ್ಣದಾಗಿ ಕಾಣುವ ವಸ್ತು, ಕಚೇರಿಯ ಸ್ಲೈಡ್. ಪಂಚಾಯತಿನ ಸಭೆ, ಬ್ಯಾಂಕಿನ ತರಬೇತಿ, ಸಹಕಾರಿ ಸಂಘದ ವಾರ್ಷಿಕ ಸಭೆ, ಆಸ್ಪತ್ರೆಯ ಮಾಹಿತಿ ಶಿಬಿರ, ಎಲ್ಲಿ ಹೋದರೂ ಗೋಡೆಯ ಮೇಲೆ ಒಂದು ಬೆಳಕಿನ ಚೌಕ ಉಂಟು. ಅದರಲ್ಲಿ ಅಕ್ಷರ ಉಂಟು. ಆ ಅಕ್ಷರ ಯಾರಿಗಾಗಿ, ಯಾವ ಭಾಷೆಯಲ್ಲಿ, ಎಷ್ಟು ಅನ್ನುವುದಕ್ಕೂ ಒಂದು ಚರಿತ್ರೆ ಉಂಟು. ಚರಿತ್ರೆ ಗೊತ್ತಾದರೆ ಒಳ್ಳೆಯ ಸ್ಲೈಡ್ ಮಾಡುವುದು ಹೇಗೆ ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ನನ್ನ ವಾದ ಇಷ್ಟು. ಸಭೆಯಲ್ಲಿ ಒಂದು ವಿಷಯ ತಿಳಿಸುವಾಗ ಮೂರು ವಾಹಕಗಳಿರುತ್ತವೆ: ಪರದೆಯ ಮೇಲೆ ತೋರಿಸುವುದು, ಬಾಯಿಂದ ಹೇಳುವುದು, ಕೈಗೆ ಕೊಡುವ ಕಾಗದ. ಇವು ಬಹುಕಾಲ ಬೇರೆ ಬೇರೆಯಾಗಿದ್ದವು. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಮೂರೂ ಒಂದೇ ಸ್ಲೈಡಿನೊಳಗೆ ಸೇರಿಹೋದವು. ಅದರ ನಷ್ಟ ಎಲ್ಲರಿಗೂ ಆಯಿತು. ಗಡಿನಾಡಿನ ಕೇಳುಗನಿಗೆ ಎರಡು ಪಟ್ಟು ಆಯಿತು.

1. ತೋರಿಸಿ ಹೇಳುವ ಪರಂಪರೆ

ಚಿತ್ರ ತೋರಿಸಿ ಹೇಳುವುದು ನಮಗೆ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಚಿತ್ರದ ಸಹಾಯದಿಂದ ಕಥೆ ಹೇಳುವವನ ಪ್ರಸ್ತಾಪ ಬರುತ್ತದೆ. ಗೋವೆಯ ಗಡಿಗೆ ಹತ್ತಿರದ ಪಿಂಗುಳಿಯ ಠಾಕರ್ ಸಮುದಾಯದವರ ಚಿತ್ರಕಥಿ ಇವತ್ತಿಗೂ ಉಳಿದಿದೆ. ಅಲ್ಲಿ ಚಿತ್ರದ ಹಾಳೆಯನ್ನು ಒಂದೊಂದಾಗಿ ಎತ್ತಿ ತೋರಿಸ್ತಾರೆ, ಕಥೆ ಮಾತ್ರ ಬಾಯಲ್ಲಿ. ಹಾಳೆಯ ಮೇಲೆ ಕಥೆಯನ್ನು ಬರೆದು ಅದನ್ನೇ ಓದಿ ಹೇಳುವ ಪದ್ಧತಿ ಅಲ್ಲಿಲ್ಲ.

ಯುರೋಪಿನಲ್ಲಿ ಬೆಳಕಿನಿಂದ ಚಿತ್ರವನ್ನು ಗೋಡೆಗೆ ಹಾಯಿಸುವ ಮಾಯಾದೀಪ 1659ರ ಹೊತ್ತಿಗೆ ಕ್ರಿಸ್ಟಿಯಾನ್ ಹೈಗೆನ್ಸ್ ಕೈಯಲ್ಲಿ ರೂಪ ಪಡೆಯಿತು. ಗಾಜಿನ ಮೇಲೆ ಬಿಡಿಸಿದ ಚಿತ್ರವನ್ನು ದೀಪದ ಮುಂದೆ ಸರಿಸುವುದರಿಂದಲೇ 'ಸ್ಲೈಡ್' ಎಂಬ ಹೆಸರು, ಅಂದರೆ ಸರಿಸುವಂಥದ್ದು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ 1890ರ ದಶಕದಲ್ಲಿ ಕಲ್ಯಾಣದ ಮಹಾದೇವ ಪಟವರ್ಧನ್ ಅವರು 'ಶಾಂಭರಿಕ ಖರೋಲಿಕಾ' ಎಂಬ ಹೆಸರಿನಲ್ಲಿ ಮಾಯಾದೀಪದ ಪ್ರದರ್ಶನಗಳನ್ನು ನಡೆಸಿದರು. ಅಲ್ಲಿಯೂ ಚಿತ್ರದ ಜತೆಗೆ ನಿರೂಪಕ ಇದ್ದ. ಚಿತ್ರ ಮಾತಾಡುವುದಿಲ್ಲ, ಮಾತಾಡುವವನು ಬೇರೆ ಅನ್ನುವುದನ್ನು ಯಾರೂ ನಿಯಮವಾಗಿ ಬರೆಯಬೇಕಾಗಿರಲಿಲ್ಲ. ಕಲೆ ಇದ್ದದ್ದೇ ಹಾಗೆ.

ಕಾಸರಗೋಡಿನವನಾದ ನನಗೆ ಇಲ್ಲಿ ತಾಳಮದ್ದಳೆ ನೆನಪಾಗುತ್ತದೆ. ಪಾರ್ತಿಸುಬ್ಬನ ಊರೆಂದು ನಾವು ಹೇಳಿಕೊಳ್ಳುವ ಕುಂಬಳೆಯ ಸೀಮೆಯಲ್ಲಿ ಇದು ತೀರಾ ಪರಿಚಿತ. ಭಾಗವತರು ಹಾಡುವ ಪದ ನಾಲ್ಕು ಸಾಲಿನದು. ಅರ್ಥಧಾರಿ ಅದನ್ನು ಹಿಡಿದು ಹತ್ತು ಇಪ್ಪತ್ತು ನಿಮಿಷ ಬೆಳೆಸುತ್ತಾರೆ. ಪದದಲ್ಲಿರುವುದನ್ನೇ ಗದ್ಯವಾಗಿ ಒಪ್ಪಿಸಿ ಕೂತರೆ ಸಭೆ ಎದ್ದುಹೋಗುತ್ತದೆ. ಪದವನ್ನು ಬಿಟ್ಟು ಎಲ್ಲಿಗೋ ಹೋದರೂ ಒಪ್ಪುವುದಿಲ್ಲ. ಪದ ಚೌಕಟ್ಟು, ಅರ್ಥ ಅದರೊಳಗಿನ ಮಾತು. ಸ್ಲೈಡಿಗೂ ಮಾತಿಗೂ ಇರಬೇಕಾದ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

2. ಅಂಕಿಯು ಚಿತ್ರವಾದದ್ದು

ಕಚೇರಿಯ ಸ್ಲೈಡಿಗೆ ಇನ್ನೊಂದು ಬೇರು ಅಂಕಿಅಂಶದ್ದು. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ವ್ಯಾಪಾರದ ಲೆಕ್ಕವನ್ನು ಗೆರೆಗಳಲ್ಲಿ, ಕಂಬಗಳಲ್ಲಿ ತೋರಿಸಿದ. 1801ರಲ್ಲಿ ವೃತ್ತವನ್ನು ಹೋಳು ಮಾಡಿ ತೋರಿಸುವ ಕ್ರಮವನ್ನೂ ತಂದ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರು ಕ್ರಿಮಿಯಾ ಯುದ್ಧದ ಸಾವುಗಳನ್ನು ತಿಂಗಳುವಾರು ಚಿತ್ರವಾಗಿಸಿ, ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದ ಸತ್ತವರೇ ಹೆಚ್ಚು ಎಂಬುದನ್ನು ಒಂದೇ ನೋಟಕ್ಕೆ ಕಾಣಿಸಿದರು. ಒಂದು ಚಿತ್ರ, ಒಂದು ಹೇಳಿಕೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪೆನಿ ತನ್ನ ಆಡಳಿತ ಸಮಿತಿಗಾಗಿ ಒಂದು ನಕ್ಷೆಕೋಣೆಯನ್ನೇ ಕಟ್ಟಿತು. ಮೇಲಿನ ಹಳಿಗಳಿಗೆ ತೂಗುಹಾಕಿದ ದೊಡ್ಡ ನಕ್ಷೆಗಳನ್ನು ಬೇಕಾದಾಗ ಎಳೆದು ಸಮಿತಿಯ ಮುಂದೆ ನಿಲ್ಲಿಸುವ ವ್ಯವಸ್ಥೆ. ಎಲ್ಲರೂ ಒಂದೇ ನಕ್ಷೆ ನೋಡ್ತಾ ಒಂದೇ ವಿಷಯ ಚರ್ಚಿಸಬೇಕು ಎಂಬುದು ಅದರ ಉದ್ದೇಶ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ತರಬೇತಿಗೆ ಓವರ್‌ಹೆಡ್ ಪ್ರೊಜೆಕ್ಟರ್ ಬಳಕೆಗೆ ಬಂತು; ಯುದ್ಧದ ನಂತರ ಅದು ಶಾಲೆಗೂ ಕಚೇರಿಗೂ ಇಳಿಯಿತು. 1961ರಲ್ಲಿ ಕೊಡಾಕ್ ಕಂಪೆನಿಯ ಕ್ಯಾರೊಸೆಲ್ ಬಂತು, ದುಂಡನೆಯ ತಟ್ಟೆಯಲ್ಲಿ 80 ಸ್ಲೈಡ್.

ಇಲ್ಲಿ ಒಂದು ಆರ್ಥಿಕ ಸತ್ಯ ಉಂಟು. ಆಗ ಒಂದೊಂದು ಸ್ಲೈಡಿಗೂ ಖರ್ಚು, ಸಮಯ, ಬೇರೆಯವರ ಶ್ರಮ ಬೇಕಿತ್ತು. ಹಾಗಾಗಿ ಬೇಕಾದ್ದನ್ನು ಮಾತ್ರ ಮಾಡಿಸುತ್ತಿದ್ದರು. ವಿವರವಾದ ವರದಿ ಟೈಪು ಮಾಡಿದ ಕಾಗದದಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಮಿತಿಯೇ ಶಿಸ್ತನ್ನು ಕಾಪಾಡಿತ್ತು.

3. ಮೂರೂ ಒಂದಾದ ಕಾಲ

1984ರಲ್ಲಿ ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಸಣ್ಣ ಕಂಪೆನಿಗೆ ಸೇರಿದ ರಾಬರ್ಟ್ ಗ್ಯಾಸ್ಕಿನ್ಸ್ ಒಂದು ತಂತ್ರಾಂಶದ ಪ್ರಸ್ತಾವ ಬರೆದರು. ಡೆನಿಸ್ ಆಸ್ಟಿನ್, ಟಾಮ್ ರುಡ್ಕಿನ್ ಅದನ್ನು ಕಟ್ಟಿದರು. ಮೊದಲ ಹೆಸರು 'ಪ್ರೆಸೆಂಟರ್', ಆಮೇಲೆ 'ಪವರ್‌ಪಾಯಿಂಟ್'. 1987ರ ಏಪ್ರಿಲ್‌ನಲ್ಲಿ ಮೆಕಿಂಟಾಶ್ ಕಂಪ್ಯೂಟರಿಗೆ ಮೊದಲ ಆವೃತ್ತಿ ಬಂತು. ಬಣ್ಣವಿಲ್ಲ, ಬರೀ ಕಪ್ಪು-ಬಿಳಿ. ಅದರಿಂದ ಪಾರದರ್ಶಕ ಹಾಳೆ ಮುದ್ರಿಸಿ ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಕಬೇಕಿತ್ತು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರಿಗೆ ಕಂಪೆನಿಯನ್ನು ಕೊಂಡಿತು. 1990ರಲ್ಲಿ ವಿಂಡೋಸ್ ಆವೃತ್ತಿ ಬಂತು. ನಂತರದ ಕಥೆ ನಿಮಗೆಲ್ಲ ಗೊತ್ತು.

ಸ್ಲೈಡ್ ಮಾಡುವ ಖರ್ಚು ಸೊನ್ನೆಗೆ ಇಳಿಯಿತು, ಮಾತಾಡುವವನೇ ಸ್ಲೈಡ್ ಮಾಡುವವನಾದ. ಇದು ದೊಡ್ಡ ಸ್ವಾತಂತ್ರ್ಯ, ಅನುಮಾನ ಬೇಡ. ಆದರೆ ಕೆಲಸ ಉಳಿಸಲು ಜನ ಒಂದು ದಾರಿ ಹಿಡಿದರು. ಮಾತಾಡಬೇಕಾದದ್ದನ್ನೇ ಸ್ಲೈಡಿನಲ್ಲಿ ಬರೆದರು, ಅದನ್ನೇ ನೋಡಿ ಓದಿದರು, ಸಭೆ ಮುಗಿದ ಮೇಲೆ ಅದನ್ನೇ ವರದಿ ಎಂದು ಕಳಿಸಿದರು. ಒಂದು ಕಡತಕ್ಕೆ ಮೂರು ಕೆಲಸ. ಪರದೆಗೆ ಅದು ಹೆಚ್ಚಾಯಿತು, ವರದಿಗೆ ಕಮ್ಮಿಯಾಯಿತು, ಮಾತಿಗೆ ಜಾಗವೇ ಉಳಿಯಲಿಲ್ಲ.

4. ಒಂದು ಸ್ಲೈಡ್, ಏಳು ಜೀವ

ಇದರಿಂದ ಏನಾಗಬಹುದು ಎಂಬುದಕ್ಕೆ ಅತಿ ಹೆಚ್ಚು ಚರ್ಚೆಯಾದ ಉದಾಹರಣೆ ಕೊಲಂಬಿಯಾ ಗಗನನೌಕೆ. 2003ರ ಜನವರಿ 16ರಂದು ಅದು ಮೇಲೇರಿದ ಸುಮಾರು 82 ಸೆಕೆಂಡಿಗೆ ಹೊರ ಇಂಧನ ಟ್ಯಾಂಕಿನಿಂದ ಕಳಚಿದ ನೊರೆಯ ಹೊದಿಕೆಯ ತುಂಡು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಹಾನಿಯ ಅಂದಾಜು ಮಾಡಿ ನಾಸಾದ ಅಧಿಕಾರಿಗಳಿಗೆ ಸ್ಲೈಡುಗಳಲ್ಲಿ ಮಂಡಿಸಿದರು. ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಯಿತು. ನಮ್ಮ ಕರ್ನಾಲದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು.

ತನಿಖಾ ಮಂಡಳಿ ಆ ವರ್ಷದ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಆ ಸ್ಲೈಡುಗಳಲ್ಲಿ ಒಂದನ್ನು ಹಾಗೇ ಅಚ್ಚು ಹಾಕಿ, ಎಡ್ವರ್ಡ್ ಟಫ್ಟಿ ಅವರ ವಿಶ್ಲೇಷಣೆಯನ್ನು ಜತೆಗೆ ಕೊಟ್ಟಿತು. ಆ ಸ್ಲೈಡಿನ ತಲೆಬರಹ ಓದಿದರೆ ಧೈರ್ಯ ಬರುತ್ತದೆ, ಹಳೆಯ ಪರೀಕ್ಷೆಗಳ ಪ್ರಕಾರ ಭಯವಿಲ್ಲ ಅನ್ನುವ ಹಾಗೆ. ಕೆಳಗೆ ಚುಕ್ಕಿಯೊಳಗೆ ಚುಕ್ಕಿ, ಅದರೊಳಗೆ ಇನ್ನೊಂದು. ಹಾನಿ ಆಗಿರಬಹುದು ಎಂಬ ಸುಳಿವು ಸಣ್ಣ ಅಕ್ಷರದ ಒಳಸಾಲುಗಳಲ್ಲಿ. ಎಲ್ಲಕ್ಕಿಂತ ಕೆಳಗೆ ಒಂದು ಲೆಕ್ಕ: ಪರೀಕ್ಷೆಗೆ ಬಳಸಿದ ತುಂಡು 3 ಘನ ಅಂಗುಲ, ನಿಜವಾಗಿ ಬಡಿದದ್ದರ ಅಂದಾಜು 1920 ಘನ ಅಂಗುಲ. ಅಂದರೆ 640 ಪಟ್ಟು. ಪರೀಕ್ಷೆಯ ಆಧಾರವೇ ಇಲ್ಲಿ ಸಲ್ಲುವುದಿಲ್ಲ ಎಂದಾಯಿತು. ಹೇಳಬೇಕಾಗಿದ್ದ ಒಂದೇ ಮಾತು ಅದು, ಅದು ಕೊನೆಯಲ್ಲಿ ಕೂತಿತ್ತು. ಹಿರಿಯ ಅಧಿಕಾರಿಯೊಬ್ಬರು ಇದನ್ನು ಓದಿಯೂ ಜೀವಾಪಾಯದ ವಿಷಯವೆಂದು ತಿಳಿಯದೆ ಹೋಗುವುದು ಸಾಧ್ಯ ಎಂಬ ಅರ್ಥದಲ್ಲಿ ಮಂಡಳಿ ಬರೆಯಿತು. ತಾಂತ್ರಿಕ ವರದಿ ಬರೆಯುವ ಬದಲು ಸ್ಲೈಡಿನಲ್ಲೇ ಮುಗಿಸುವ ಅಭ್ಯಾಸವನ್ನೂ ಅದು ದೋಷವೆಂದು ಗುರುತಿಸಿತು.

ಸ್ಲೈಡೇ ನೌಕೆಯನ್ನು ಬೀಳಿಸಿತು ಎಂದು ನಾನು ಹೇಳ್ತಾ ಇಲ್ಲ, ಮಂಡಳಿಯೂ ಹಾಗೆ ಹೇಳಲಿಲ್ಲ. ಸಂಸ್ಥೆಯೊಳಗಿನ ಅಧಿಕಾರದ ರೀತಿ, ರೆಕ್ಕೆಯ ಚಿತ್ರ ತೆಗೆಸಬೇಕೆಂದ ಕೋರಿಕೆಗಳು ಈಡೇರದೆ ಹೋದದ್ದು, ಇವೆಲ್ಲ ಉಂಟು. ಆದರೆ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಆ ಸ್ಲೈಡ್ ಒಂದು ದಾಖಲೆ. ಯಾರು ಯಾರಿಗೆ ಕೆಟ್ಟ ಸುದ್ದಿ ಹೇಳಲು ಹಿಂಜರಿದರು ಎಂಬುದು ಅಕ್ಷರದ ಗಾತ್ರದಲ್ಲೇ ಕಾಣುತ್ತದೆ. 2004ರಲ್ಲಿ ಅಮೆಜಾನಿನ ಜೆಫ್ ಬೆಜೋಸ್ ತಮ್ಮ ಹಿರಿಯರ ಸಭೆಗಳಲ್ಲಿ ಸ್ಲೈಡನ್ನೇ ನಿಲ್ಲಿಸಿ, ಪೂರ್ಣ ವಾಕ್ಯಗಳ ಟಿಪ್ಪಣಿ ಬರೆದು ತರಬೇಕೆಂದರು. ಅದು ಕಾಗದವನ್ನು ಮತ್ತೆ ಕಾಗದವಾಗಿಸಿದ ಕ್ರಮ.

5. ಗಡಿಯಲ್ಲಿ ಪರದೆ

ಈಗ ನಮ್ಮ ಊರಿಗೆ ಬರುತ್ತೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಈ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು ಇನ್ನೊಂದು ದಾಖಲೆ, ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ. ನಂತರದ ತಿದ್ದುಪಡಿಯನ್ನೂ ಸೇರಿಸಿ ಓದಿದರೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಅದು ಹೇಳುತ್ತದೆ.

ಈ ಹಕ್ಕಿನ ರೂಪ ಗಮನಿಸಿ. ಅದು ಪತ್ರದ ಹಕ್ಕು. ಕಾಯಿದೆ ಬರೆದ ಕಾಲದಲ್ಲಿ ಸರ್ಕಾರ ಮಾತಾಡುತ್ತಿದ್ದದ್ದು ಕಾಗದದಲ್ಲಿ. 1996ರ ಆಗಸ್ಟಿನಲ್ಲಿ ಕೇರಳದಲ್ಲಿ ಜನಕೀಯ ಆಸೂತ್ರಣ ಶುರುವಾಯಿತು. ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಹೋಗುವ ವ್ಯವಸ್ಥೆ. ಗ್ರಾಮಸಭೆ, ವರದಿ, ವಿಕಸನ ಸೆಮಿನಾರ್. ಈ 'ವಿಕಸನ ಸೆಮಿನಾರ್' ಎಂಬ ಪದ ನಮ್ಮ ಕನ್ನಡಿಗರ ಬಾಯಲ್ಲೂ ಹಾಗೆಯೇ ಕೂತುಹೋಗಿದೆ. ಅಂದರೆ ಸರ್ಕಾರ ಪತ್ರದಿಂದ ಸಭೆಗೆ ಬಂತು, ಸಭೆಯಿಂದ ಪರದೆಗೆ ಬಂತು. ಪತ್ರಕ್ಕೆ ಇರುವ ಹಕ್ಕು ಪರದೆಗೆ ತನ್ನಿಂದ ತಾನೇ ಬರಲಿಲ್ಲ.

ಕೆಲವರು ಕೇಳುತ್ತಾರೆ: "ನಿಮಗೆಲ್ಲ ಮಲಯಾಳಂ ಬರ್ತದಲ್ಲ, ಮತ್ತೆ ಎಂಥ ತೊಂದರೆ?" ಇಲ್ಲೇ ಸ್ಲೈಡಿನ ವಿಷಯ ಮುಖ್ಯವಾಗುವುದು. ಕನ್ನಡ ಮಾಧ್ಯಮದಲ್ಲಿ ಕಲಿತ ಎಷ್ಟೋ ಹಿರಿಯರು ಮಲಯಾಳ ಮಾತಾಡುತ್ತಾರೆ, ಕೇಳಿದರೆ ತಿಳಿಯುತ್ತದೆ, ಲಿಪಿ ಮಾತ್ರ ಓದಲು ಬಾರದು. ಮಾತಿನಲ್ಲಿ ಒಳಗಿದ್ದವರು ಪರದೆಯಲ್ಲಿ ಹೊರಗಾಗುತ್ತಾರೆ. ನಾನು ನೋಡಿದ ಒಂದು ಪಂಚಾಯತ್ ಸಭೆಯಲ್ಲಿ ಕುಡಿಯುವ ನೀರಿನ ಯೋಜನೆಯ ಸ್ಲೈಡ್ ಇಪ್ಪತ್ತಕ್ಕೂ ಹೆಚ್ಚು ಇತ್ತು, ಎಲ್ಲ ಮಲಯಾಳ ಅಕ್ಷರ. ಮಂಡಿಸುವವರು "ಇದರಲ್ಲಿ ಉಂಟು, ನೋಡಿಕೊಳ್ಳಿ" ಅನ್ನುತ್ತಾ ಮುಂದೆ ಹೋದರು. ನನ್ನ ಪಕ್ಕ ಕೂತಿದ್ದ ಹಿರಿಯರು, ಮೂರು ಸುರಂಗ ತೋಡಿಸಿದ ಕೃಷಿಕ, ಮೆಲ್ಲಗೆ ಕೇಳಿದರು: "ನಮ್ಮ ವಾರ್ಡಿನದ್ದು ಬಂತಾ ಮಾರಾಯಾ?" ಬಂದು ಹೋಗಿಯಾಗಿತ್ತು. ಭೂಮಿಯೊಳಗಿನ ನೀರಿನ ಬಗ್ಗೆ ಆ ಸಭೆಯಲ್ಲಿ ಅವರಿಗಿಂತ ಹೆಚ್ಚು ತಿಳಿದವರು ಯಾರೂ ಇರಲಿಲ್ಲ. ಅವರು ಬಾಯಿ ತೆರೆಯಲಿಲ್ಲ. ಓದಲಾಗದ್ದಕ್ಕೆ ಆಕ್ಷೇಪ ಎತ್ತುವುದು ಹೇಗೆ?

ಕನ್ನಡದ ಕಡೆಯಿಂದಲೂ ಒಂದು ತೊಡಕು ಇತ್ತು. 1990ರ ದಶಕದ ಕನ್ನಡ ಕಂಪ್ಯೂಟರ್ ಕೆಲಸ ಬಹುಪಾಲು ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ನಡೆಯಿತು. ಮನೆಯಲ್ಲಿ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಕಚೇರಿಯ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಕೇರಳದ ಕಚೇರಿಯಲ್ಲಿ ಕನ್ನಡ ಫಾಂಟ್ ಎಲ್ಲಿಂದ ಇರಬೇಕು? "ಕನ್ನಡ ಬರುವುದಿಲ್ಲ" ಎಂಬ ಮಾತು ಆಗ ಯಂತ್ರದ ಬಗ್ಗೆಯೂ ನಿಜವಾಗಿತ್ತು. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ಕಚೇರಿ ಯಂತ್ರಗಳಿಗೆ ಅದು ಇಳಿಯಲು ಸಮಯ ಹಿಡಿಯಿತು. ಈಗ ಆ ನೆಪ ಉಳಿದಿಲ್ಲ.

6. ಚರಿತ್ರೆ ಕಲಿಸುವ ಕ್ರಮ

ಇಷ್ಟರಿಂದ ಏನು ಮಾಡಬಹುದು? ಮೊದಲನೆಯದು, ತಲೆಬರಹ ಹೆಸರಾಗಿರಬಾರದು, ಹೇಳಿಕೆಯಾಗಿರಬೇಕು. "ಕುಡಿಯುವ ನೀರಿನ ಪರಿಸ್ಥಿತಿ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. "ಮೂರು ವಾರ್ಡುಗಳಲ್ಲಿ ಬಾವಿ ಮಾರ್ಚಿನಲ್ಲೇ ಬತ್ತುತ್ತದೆ" ಎಂದರೆ ಸಭೆ ತಲೆಯೆತ್ತುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯ ಉದ್ದವಾದರೆ ಮುಖ್ಯ ಮಾತು ಎರಡನೇ ಸಾಲಿಗೆ ಜಾರುತ್ತದೆ. ಏಳೆಂಟು ಪದ ಸಾಕು.

ಎರಡನೆಯದು, ತಲೆಬರಹದ ಕೆಳಗೆ ಚುಕ್ಕಿಸಾಲಿನ ಬದಲು ಸಾಕ್ಷ್ಯ ಇರಲಿ: ಒಂದು ನಕ್ಷೆ, ಒಂದು ಫೋಟೋ, ಒಂದು ಕಂಬಚಿತ್ರ. ನೈಟಿಂಗೇಲ್ ಮಾಡಿದ್ದು ಅದನ್ನೇ. ಹೋಲಿಕೆಯ ಅಂಕಿ, ಆ 3 ಮತ್ತು 1920ರ ಹಾಗಿನದ್ದು, ಎಲ್ಲಕ್ಕಿಂತ ದೊಡ್ಡದಾಗಿ ಇರಬೇಕು. ಅಂಕಿ, ಚಿತ್ರ, ನಕ್ಷೆಗಳಿಗೆ ಲಿಪಿಯ ಗಡಿಯಿಲ್ಲ. ಏಳು ಭಾಷೆಯ ಊರಿನಲ್ಲಿ ಇದು ಸಣ್ಣ ಲಾಭ ಅಲ್ಲ.

ಮೂರನೆಯದು, ಪರದೆಯ ಮೇಲೆ ಇರುವ ವಾಕ್ಯವನ್ನೇ ಓದುತ್ತಾ ಹೋಗಬಾರದು. ಚಿತ್ರ ಮತ್ತು ಮಾತು ಎರಡೇ ಇದ್ದಾಗ ಕಲಿಕೆ ಚೆನ್ನಾಗಿರುತ್ತದೆ, ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕುಗ್ಗುತ್ತದೆ ಎಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ತೋರಿಸಿದ್ದಾರೆ. ಆದರೆ ಕೇಳುಗರ ತಾಯ್ನುಡಿ ಬೇರೆಯಾಗಿದ್ದಾಗ, ಪದಗಳು ಕಷ್ಟದ್ದಾಗಿದ್ದಾಗ ಈ ನಿಯಮ ಸಡಿಲವಾಗಬಹುದು ಎಂದೂ ಅವರೇ ಹೇಳುತ್ತಾರೆ. ಗಡಿನಾಡಿಗೆ ಈ ಎರಡನೇ ಮಾತು ಮುಖ್ಯ. ಹಾಗಾಗಿ ಇಡೀ ವಾಕ್ಯ ಬೇಡ, ಮುಖ್ಯ ಪದಗಳು ಮಾತ್ರ ಎರಡೂ ಲಿಪಿಯಲ್ಲಿ ಇರಲಿ.

ಎರಡು ಲಿಪಿ ಹಾಕಿದರೆ ಜಾಗ ಸಾಲುವುದಿಲ್ಲ ಎನ್ನುವುದು ಸಾಮಾನ್ಯ ಆಕ್ಷೇಪ. ಸಾಲದೇ ಇರುವುದೇ ಒಳ್ಳೆಯದು. ಹಿಂದೆ ಖರ್ಚು ಹೇರಿದ್ದ ಮಿತಿಯನ್ನು ಈಗ ಎರಡನೇ ಲಿಪಿ ಹೇರುತ್ತದೆ, ಅರ್ಧ ಅಕ್ಷರ ತಾನಾಗಿ ಉದುರುತ್ತದೆ. ಇನ್ನು ಕನ್ನಡಕ್ಕೇ ಸೇರಿದ ಒಂದು ಸೂಚನೆ: ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ "ರಾಷ್ಟ್ರೀಯ" ಎಂಬ ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅಂತರ ಹೆಚ್ಚಿಸಿ, ಗಾತ್ರ ದೊಡ್ಡದು ಮಾಡಿ, ಹಿಂದಿನ ಸಾಲಿನಿಂದ ಓದಿ ನೋಡಿ.

ಕೊನೆಯದು ಕಾಗದ. ವಿವರ, ಷರತ್ತು, ಮೊತ್ತ, ಕೊನೆಯ ದಿನಾಂಕ ಇವೆಲ್ಲ ಪರದೆಗೆ ಸೇರಿದ್ದಲ್ಲ. ಎರಡು ಪುಟದ ಕನ್ನಡ ಕಾಗದ ಸಭೆಗೆ ಮೊದಲೇ ಕೈಗೆ ಸಿಗಬೇಕು. ಪತ್ರದ ಹಕ್ಕು ಇದ್ದೇ ಇದೆ. ಅದನ್ನು ಹಿಡಿದು ಕೇಳಲು ಕಾಗದವೇ ಬೇಕು, ಹಾದುಹೋದ ಸ್ಲೈಡಿನಿಂದ ಆಗುವುದಿಲ್ಲ.

ಪ್ರಶ್ನೋತ್ತರ

ಅಕ್ಕಲಕೋಟೆಯಿಂದ ಒಬ್ಬ ಅಧ್ಯಾಪಕರು: ನಮ್ಮ ಕಡೆ ಸಣ್ಣ ಹುಡುಗ್ರಿಗೆ ಕನ್ನಡ ಮಾತು ಬರತೈತ್ರಿ, ಓದೂದು ಮರಾಠಿ. ಅವರಿಗೆ ಕನ್ನಡ ಅಕ್ಷರದ ಸ್ಲೈಡ್ ಹಾಕಿದ್ರ ಏನ ಉಪಯೋಗ ಆಗತೈತ್ರಿ?

ಉತ್ತರ: ಸರ್, ಬಹಳ ಒಳ್ಳೆಯ ಪ್ರಶ್ನೆ. ಕಾಸರಗೋಡಿನ ಹಿರಿಯರದ್ದು ಓದುವ ಕನ್ನಡ, ನಿಮ್ಮ ಮಕ್ಕಳದ್ದು ಆಡುವ ಕನ್ನಡ. ಅಲ್ಲಿ ಬಾಯಿ ಕನ್ನಡದಲ್ಲಿರಲಿ, ಪರದೆಯಲ್ಲಿ ಚಿತ್ರವಿರಲಿ, ಅಕ್ಷರ ಎರಡೂ ಲಿಪಿಯಲ್ಲಿ ನಾಲ್ಕೇ ಪದ ಇರಲಿ. ಯಾವ ವಾಹಕದಲ್ಲಿ ಯಾವ ಭಾಷೆ ಎಂಬುದನ್ನು ಕೇಳುಗರನ್ನು ನೋಡಿ ತೀರ್ಮಾನಿಸಬೇಕು. ಮೂರನ್ನೂ ಬೇರ್ಪಡಿಸಿದರೆ ಮಾತ್ರ ಆ ಆಯ್ಕೆ ನಮಗೆ ಸಿಗುತ್ತದೆ.

ತಾಳವಾಡಿಯ ಒಬ್ಬ ಸಂಶೋಧಕಿ: ಕಚೇರಿಯವರು ಇಷ್ಟೆಲ್ಲ ಮಾಡ್ತಾರಾ? ಅವರಿಗೆ ಸಮಯ ಎಲ್ಲಿದೆ?

ಉತ್ತರ: ಮೇಡಂ, ಹತ್ತರಲ್ಲಿ ಒಬ್ಬರು ಮಾಡಿಯಾರು. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಈಗ ಅದೇ ಕಚೇರಿಗಳಲ್ಲಿ ಕೆಲಸ ಮಾಡುವವರು, ನಾಳೆ ಮಾಡುವವರು. ಇಪ್ಪತ್ತು ಸ್ಲೈಡಿನ ಬದಲು ಆರು ಸ್ಲೈಡ್ ಮಾಡಲು ಆದೇಶ ಬೇಕಾಗಿಲ್ಲ. ಮುಂದಿನ ಸಾರಿ ಮಂಡನೆ ನಿಮ್ಮ ಪಾಲಿಗೆ ಬಂದಾಗ ವಾರ್ಡಿನ ನಕ್ಷೆಯೊಂದನ್ನು ಹಾಕಿ, "ಇದು ನಿಮ್ಮ ವಾರ್ಡು" ಎಂದು ಕೈತೋರಿಸಿ ಕನ್ನಡದಲ್ಲಿ ಹೇಳಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ, ಆ ಕಡೆಯಿಂದ ಪ್ರಶ್ನೆ ಬರಲಿ.